ಮುಂದಿನ ಚಕ್ರಗಳಿಗೆ ಬಿಟ್ಟುಕೊಟ್ಟ ಸೀಟು

ಸ್ಪೋರ್ಟ್ಸ್ ಕಾರಿನ ನೆತ್ತಿಯ ಮೇಲೆ ಸೈಕಲ್ ನಿಲ್ಲಿಸುವ ರ‍್ಯಾಕ್ ತಯಾರಿಸಿ ಲೋಕಕ್ಕೆ ಉಪಕಾರ ಮಾಡುತ್ತಿರುವ ಕಂಪನಿಯ ವ್ಯವಸ್ಥಾಪಕರಿಗೆ, ವಾರವೆಲ್ಲ ಕಚೇರಿ ನೌಕರಳೂ ಭಾನುವಾರ ಮಾತ್ರ ಬಸ್ ಪ್ರಯಾಣಿಕಳೂ ಆದ ಒಬ್ಬ ಹೆಂಗಸಿನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ತಮ್ಮ ಕಾರ್ಖಾನೆಯ ರಬ್ಬರ್ ಬಟ್ಟಲುಗಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ. ತಮ್ಮ ರ‍್ಯಾಕ್ ಮನೆಗೆ ಬಂದ ಮೇಲೂ ಕ್ಷೇಮವಾಗಿ ಉಳಿದಿದ್ದೇವೆ ಎಂಬುದನ್ನು ತಾವು ಜಾಹೀರಾತಿನಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು. ಪತ್ರವನ್ನು ಬಹಿರಂಗವಾಗಿ ಬರೆದದ್ದಕ್ಕೆ ಕ್ಷಮೆಯಿರಲಿ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಉತ್ತರ ಬರೆಯುವವಳು. ಮುಚ್ಚಿದ ಲಕೋಟೆಯಲ್ಲಿ ಬಂದ ದೂರುಗಳಿಗೆ ಏನು ಗತಿಯಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರದು ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಸರಿಮಾಡಿ ಕಳಿಸುವ ಅವರ ಎದೆಗೆ ಕಳೆದ ವರ್ಷ ಸ್ಟೆಂಟ್ ಹಾಕಿದರು. ಹಾಕಿದ ವೈದ್ಯೆ, "ದಿನಾ ನಡೀರಿ, ವಾರಕ್ಕೊಂದ್ಸಲ ಆದ್ರೂ ಸಮತಟ್ಟಾದ ರಸ್ತೇಲಿ ಸೈಕಲ್ ಹೊಡೀರಿ, ಆದ್ರೆ ಒಬ್ರೇ ಮಾತ್ರ ಹೋಗ್ಬೇಡಿ, ಜೊತೆಗೆ ಇವರು ಇರ್ಲಿ" ಎಂದು ನನ್ನತ್ತ ಬೆರಳು ತೋರಿಸಿದರು. ನಾವು ಎರಡು ಸೈಕಲ್ ಕೊಂಡೆವು. ಹಗಲು ನಾನು ಕಚೇರಿಯಲ್ಲಿ, ಸಂಜೆ ಅವರು ಅಂಗಡಿಯಲ್ಲಿ. ಗಂಡ ಹೆಂಡತಿ ಪೂರ್ತಿ ಒಂದು ಮಾತು ಆಡಬೇಕಾದರೆ ಭಾನುವಾರ ಬೆಳಿಗ್ಗೆಯೇ ಗತಿ ಎಂಬ ಸಂಸಾರ ನಮ್ಮದು. ವೈದ್ಯೆಯ ಅಪ್ಪಣೆ ನನಗಂತೂ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು.

ಸಮತಟ್ಟಾದ ರಸ್ತೆ ಇರುವುದು ಊರಾಚೆ ನದಿ ದಂಡೆಯಲ್ಲಿ. ಅಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಕಾಟ. ಆದ್ದರಿಂದ ಸೈಕಲ್‌ಗಳನ್ನು ಕಾರಿನಲ್ಲಿ ಒಯ್ಯಬೇಕು, ಆದ್ದರಿಂದ ಕಾರು ಬೇಕು ಎಂದು ನಮ್ಮ ಮನೆಯವರು ಬಲು ಶಾಂತವಾಗಿ ತರ್ಕಿಸಿ, ಒಂದು ಶನಿವಾರ ಎರಡೇ ಸೀಟಿನ, ಎಂಜಿನ್ ಬೆನ್ನಿಗಿರುವ, ಬಾವಿಗೆ ಇಳಿದಂತೆ ಇಳಿದು ಕೂರಬೇಕಾದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಗೇಟಿನೊಳಗೆ ತಂದು ನಿಲ್ಲಿಸಿದರು. ಅತ್ತೆ ಜಗುಲಿಯಿಂದ ಎದ್ದು ಬಂದು ಅದನ್ನು ಸುತ್ತು ಹಾಕಿ ನೋಡಿ, "ಸೊಸೆ, ನಿನ್ ಗಂಡ ನಿಂಗೆ ಸವತಿ ತಂದಿದ್ದಾನಮ್ಮ, ನೋಡ್ಕೋ" ಎಂದರು. ಮಾರನೆಯ ದಿನ ಸವತಿಗೆ ತಕ್ಕ ಕಿರೀಟವಾಗಿ ತಮ್ಮ ರ‍್ಯಾಕ್ ಬಂತು.

ಮಾನ್ಯರೇ, ತಮ್ಮ ರ‍್ಯಾಕನ್ನು ಹೊಗಳದೆ ಮುಂದುವರಿದರೆ ನಾಲಿಗೆಗೆ ಪಾಪ ತಟ್ಟೀತು. ಮೊಳೆಯಿಲ್ಲ, ನಟ್ಟಿಲ್ಲ, ಬೋಲ್ಟಿಲ್ಲ. ಒಳಗಿನ ಗಾಳಿ ತೆಗೆದರೆ ರಬ್ಬರ್ ಬಟ್ಟಲುಗಳು ಕಾರಿಗೆ ಕಚ್ಚಿಕೊಳ್ಳುತ್ತವೆ. ಅಂದರೆ ಇಡೀ ಯಂತ್ರ ನಿಂತಿರುವುದು ಏನೂ ಇಲ್ಲದಿರುವುದರ ಆಧಾರದ ಮೇಲೆ. ನಮ್ಮ ಕಚೇರಿಯೂ ಎಷ್ಟೋ ವರ್ಷಗಳಿಂದ ಹೀಗೇ ನಿಂತಿದೆಯಾದರೂ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಬಹುದೆಂದು ನಮಗೆ ಹೊಳೆದಿರಲಿಲ್ಲ.

ಬಟ್ಟಲು ಕಚ್ಚಬೇಕಾದರೆ ಜಾಗ ಶುಭ್ರವಾಗಿರಬೇಕು ಎಂದು ತಮ್ಮ ಸೂಚನಾ ಪುಸ್ತಕದಲ್ಲಿ ಒಂದೇ ಸಾಲು ಇದೆ. ಇದನ್ನು ಕನ್ನಡಕದವರ ಕೈಗೆ ಕೊಡಬಾರದಿತ್ತು. ನಮ್ಮ ಮನೆಯವರು ಅಂಗಡಿಯಿಂದ ಮಸೂರ ಒರೆಸುವ ಮೆತ್ತನೆಯ ಬಟ್ಟೆ ತಂದು, ಕಾರಿನ ನೆತ್ತಿಯ ಮೇಲೆ ಬಗ್ಗಿ, 'ಹಾ' ಎಂದು ಉಸಿರು ಬಿಟ್ಟು, ಒರೆಸಿ, ತಲೆ ಓರೆಮಾಡಿ ಬೆಳಕಿಗೆ ನೋಡಿ, ಮತ್ತೆ 'ಹಾ' ಎನ್ನುವುದನ್ನು ಬೀದಿಯ ಜನ ಹಲ್ಲುಜ್ಜುತ್ತ ನಿಂತು ನೋಡುತ್ತಾರೆ. ಆಮೇಲೆ ಸೈಕಲ್ ಎತ್ತುವ ಕಾರ್ಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಾರಿನ ಮೇಲೆ ಸೈಕಲ್ ಕಟ್ಟಿ ನೋಡು ಎನ್ನದೆ ಬಿಟ್ಟದ್ದು ಅವರ ಕರುಣೆ.

ಇನ್ನು ನನ್ನ ಮುಖ್ಯ ಅಹವಾಲು. ತಮ್ಮ ರ‍್ಯಾಕಿನಲ್ಲಿ ಸೈಕಲ್ ನಿಲ್ಲಬೇಕಾದರೆ ಅದರ ಮುಂದಿನ ಚಕ್ರ ಬಿಚ್ಚಬೇಕು. ಬಿಚ್ಚಿದೆವು. ಎರಡು ಸೈಕಲ್, ಎರಡು ಚಕ್ರ. ಕಾರಿನ ಮೂತಿಯಲ್ಲಿರುವ ಡಿಕ್ಕಿಯಲ್ಲಿ ಒಂದು ಊಟದ ಡಬ್ಬಿ ಇಟ್ಟರೆ ಚಮಚಕ್ಕೆ ಜಾಗವಿಲ್ಲ. ಹಿಂದೆ ಎಂಜಿನ್. ನಮ್ಮ ಮನೆಯವರು ಚಕ್ರಗಳನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಕಾರಿಗೆ ಪ್ರದಕ್ಷಿಣೆ ಹಾಕಿದರು. ಕೊನೆಗೆ ನನ್ನ ಮುಖ ನೋಡದೆ ಅವನ್ನು ನನ್ನ ಸೀಟಿನ ಮೇಲೆ ಕೂರಿಸಿದರು. ಭಾರ ಕೂತ ಸೀಟಿಗೆ ಬೆಲ್ಟ್ ಹಾಕದಿದ್ದರೆ ಆ ಕಾರು ಟಿಣ್ ಟಿಣ್ ಎಂದು ಬಾಯಿ ಬಡಿದುಕೊಳ್ಳುತ್ತದೆ; ಆದ್ದರಿಂದ ಬೆಲ್ಟ್ ಎಳೆದು, ಚಕ್ರದ ಕಡ್ಡಿಗಳಿಗೆ ನೋವಾಗದಂತೆ ಹುಷಾರಾಗಿ ಕಟ್ಟಿದರು. ನನಗೆ ಅವರು ಇಷ್ಟು ವರ್ಷದಲ್ಲಿ ಯಾವ ಬಾಡಿಗೆ ಕಾರಿನಲ್ಲೂ ಬೆಲ್ಟ್ ಕಟ್ಟಿಕೊಟ್ಟವರಲ್ಲ. ಸತ್ಯ ಹೇಳಬೇಕೆಂದರೆ ನನಗೆ ಹೊಟ್ಟೆ ಉರಿಯಿತು.

ಹೀಗೆ ಗಂಡ ಕಾರಿನಲ್ಲಿ ಚಕ್ರಗಳ ಜೊತೆ, ಹೆಂಡತಿ ಹೆಲ್ಮೆಟ್ ಹಿಡಿದುಕೊಂಡು ಬಸ್ಸಿನಲ್ಲಿ. ಬಸ್ಸಿನ ಚಾಲಕರು ಕನ್ನಡಿಯಲ್ಲಿ ಹೆಲ್ಮೆಟ್ ನೋಡಿ, "ಯಾಕಕ್ಕಾ, ನನ್ನ ಮೇಲೆ ಅಷ್ಟೊಂದು ಅಪನಂಬಿಕೆನಾ?" ಎಂದರು. ಕಂಡಕ್ಟರಿಗೆ ಮೊದಲ ವಾರ ಕಥೆ ಪೂರ್ತಿ ಹೇಳಬೇಕಾಯಿತು, ಎರಡನೆಯ ವಾರದಿಂದ ಅವರು ಟಿಕೆಟ್ ಹರಿಯುವಾಗಲೇ, "ಇವತ್ತೂ ಸಾರ್ ಚಕ್ರ ಕರ್ಕೊಂಡು ಹೋದ್ರಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಾರೆ.

ಈ ಹಂತದಲ್ಲಿ ತಮ್ಮ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೆನಪಿಸಲೇಬೇಕು. ನಮ್ಮದೇ ಮಾದರಿಯ ಕಾರು, ಮೇಲೆ ಎರಡು ಸೈಕಲ್, ಒಳಗೆ ದಂಪತಿ. ಗಂಡ ಮುಂದೆ ನೋಡುತ್ತಿದ್ದಾನೆ, ಹೆಂಡತಿ ಅವನನ್ನು ನೋಡಿ ನಗುತ್ತಿದ್ದಾಳೆ, ಕಿಟಕಿಯ ಗಾಳಿಗೆ ಅವಳ ಕೂದಲು ಹಾರುತ್ತಿದೆ. ಈ ಪೆಟ್ಟಿಗೆಯನ್ನು ಅತ್ತೆ ಎಸೆಯಗೊಡದೆ ಹಜಾರದಲ್ಲಿ ಟಿವಿಯ ಪಕ್ಕ ಇಟ್ಟುಕೊಂಡು, "ನೋಡು, ಆ ಹುಡುಗಿ ಎಷ್ಟು ಹೊಂದ್ಕೊಂಡು ಹೋಗ್ತಾಳೆ" ಎಂದು ನನಗೆ ತೋರಿಸುತ್ತಿರುತ್ತಾರೆ. ನಾನೂ ಮನೆಯವರ ಅಂಗಡಿಯಿಂದ ಭೂತಗನ್ನಡಿ ತರಿಸಿ ಆ ಚಿತ್ರವನ್ನು ಇಂಚಿಂಚೂ ನೋಡಿದ್ದೇನೆ. ಸೈಕಲ್‌ಗಳಿಗೆ ಮುಂದಿನ ಚಕ್ರ ಇಲ್ಲ. ಆಕೆಯ ಮಡಿಲಲ್ಲಿ ಇಲ್ಲ. ಕಾಲ ಬಳಿ ಇಲ್ಲ. ಮಾನ್ಯರೇ, ಕೈಮುಗಿದು ಕೇಳುತ್ತೇನೆ, ಆ ದಂಪತಿಯ ಮುಂದಿನ ಚಕ್ರಗಳು ಎಲ್ಲಿವೆ?

ತಮ್ಮ ಸಹಾಯವಾಣಿಯ ಹೆಣ್ಣುಮಗಳು ಇದಕ್ಕೆ, "ಮೇಡಂ, ಚಿತ್ರ ಕೇವಲ ಸಾಂಕೇತಿಕ" ಎಂದು ಉತ್ತರಿಸಿದರು. ನಾನು ತಲೆಬಾಗಿದೆ. ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲ ಎಂದು ಕೇಳಿದವರಿಗೆ, ನಲ್ಲಿ ಕೇವಲ ಸಾಂಕೇತಿಕ ಎಂದು ಬರೆಯುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಕಾರಿನ ಬಾಲದ ಮೇಲೆ ಸ್ಪಾಯ್ಲರ್ ಎಂಬ ಹಲಗೆಯೊಂದಿದೆ. ವೇಗ ಹೆಚ್ಚಾದರೆ ಅದು ತಾನಾಗಿಯೇ ಮೇಲೇಳುತ್ತದೆ, ನಿಧಾನವಾದರೆ ಮಲಗುತ್ತದೆ. ಸೈಕಲ್‌ಗಳ ಹಿಂದಿನ ಚಕ್ರ ಹಿಡಿಯುವ ಬಟ್ಟಲುಗಳನ್ನು ಎಲ್ಲಿ ಅಂಟಿಸುವುದೆಂದು ನಮ್ಮ ಮನೆಯವರು ಇಡೀ ಕಾರನ್ನು ಬೆರಳಿನಿಂದ ಸವರಿ ಸವರಿ, ಕನ್ನಡಿಯಂತೆ ನುಣುಪಾದ ಜಾಗ ಇದೊಂದೇ ಎಂದು ಆ ಹಲಗೆಯ ಮೇಲೆಯೇ ಅಂಟಿಸಿದರು. ಮೊದಲ ಭಾನುವಾರ ಸ್ವಲ್ಪ ವೇಗ ಹೆಚ್ಚಿದ್ದೇ ತಡ, ಎರಡೂ ಸೈಕಲ್ ಹಿಂಗಾಲೆತ್ತಿದ ಕುದುರೆಗಳಾದವಂತೆ. ಬೇರೆಯವರಾಗಿದ್ದರೆ ಬಟ್ಟಲಿನ ಜಾಗ ಬದಲಿಸುತ್ತಿದ್ದರು. ನಮ್ಮವರು ವೇಗ ಬದಲಿಸಿದರು. "ಹಲಗೆ ಏಳದ ಹಾಗೆ ಓಡಿಸಿದ್ರಾಯ್ತು, ಅದ್ಕೇನಂತೆ" ಎಂದರು. ಆಮೇಲಿನ ವಾರಗಳಲ್ಲಿ ಹಾಲಿನ ವ್ಯಾನು, ಟ್ರ್ಯಾಕ್ಟರು, ಮದುವೆ ಸಾಮಾನಿನ ಟೆಂಪೊ ಎಲ್ಲವೂ ಆ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿ ಹೋದವು. ನನ್ನ ಬಸ್ಸೂ ಹಾಕಿತು. ನಾನು ಕಿಟಕಿಯಿಂದ ಕೈಬೀಸಿದೆ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದ ಅವರು ಚಕ್ರಗಳತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದರು. ಅವರು ನದಿ ದಂಡೆಗೆ ಬಂದು, ಸೈಕಲ್ ಇಳಿಸಿ, ಚಕ್ರ ಜೋಡಿಸುವ ಹೊತ್ತಿಗೆ ಬಿಸಿಲೇರಿ, ಎದೆಗೆ ಒಳ್ಳೆಯದಲ್ಲವೆಂದು ಮತ್ತೆ ಚಕ್ರ ಬಿಚ್ಚಿ, ಸೈಕಲ್ ಏರಿಸಿ ಹಿಂತಿರುಗುತ್ತಿದ್ದೆವು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಇಲ್ಲಿಯವರೆಗಿನದೆಲ್ಲ ನಗುವ ಮಾತಾಯಿತು. ಹೋದ ತಿಂಗಳ ಒಂದು ಭಾನುವಾರ ನದಿ ದಂಡೆಯಲ್ಲಿ ನಾನು ಬಸ್ ಇಳಿದು ಕಾದೆ. ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಒಬ್ಬರೇ ಹೋಗಬೇಡಿ ಎಂದ ವೈದ್ಯೆಯ ಬೆರಳು ನನ್ನ ಕಣ್ಣ ಮುಂದೆಯೇ ನಿಂತಿತು. ಸೈಕಲ್ ಹೊಡೆಯಲು ಒಬ್ಬರನ್ನೇ ಬಿಡಬಾರದು ಎಂದು ಕಾವಲಿಗೆ ಹೊರಟವಳು, ವಾರ ವಾರವೂ ಅವರನ್ನು ಅಷ್ಟು ದೂರ ಎರಡು ಚಕ್ರಗಳ ಕೈಗೆ ಒಪ್ಪಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆನಲ್ಲ ಎಂಬುದು ಆಗ ಹೊಳೆಯಿತು. ಊರಿಗೆ ಮರಳುತ್ತಿದ್ದ ಅದೇ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದೆ. ಆ ದಾರಿಯುದ್ದಕ್ಕೂ ನಾನು ಯಾವ ಯಾವ ದೇವರಿಗೆ ದೂರು ಬರೆದೆನೋ ನನಗೇ ಗೊತ್ತಿಲ್ಲ.

ಮೇಲ್ಸೇತುವೆ ಇಳಿಯುವ ತುದಿಯಲ್ಲಿ ಕೆಂಪು ಕಾರು ನಿಂತಿತ್ತು. ನಮ್ಮ ಮನೆಯವರು ಅದರ ಪಕ್ಕದಲ್ಲಿ, ನೆತ್ತಿಯಿಂದ ಅರ್ಧ ಜಾರಿ ನೇತಾಡುತ್ತಿದ್ದ ನನ್ನ ಸೈಕಲನ್ನು ಎರಡೂ ತೋಳಿನಿಂದ ತಬ್ಬಿಕೊಂಡು, ಬೆವರಿನಲ್ಲಿ ತೊಯ್ದು ನಿಂತಿದ್ದರು. ಇಳಿಜಾರಿನಲ್ಲಿ ಕಾರು ಅವರ ಮಾತು ಕೇಳದೆ ಓಡಿ, ಹಲಗೆ ಎದ್ದು, ಆ ಎಳೆತಕ್ಕೆ ನೆತ್ತಿಯ ಬಟ್ಟಲುಗಳೂ ಒಂದೊಂದಾಗಿ ಹಿಡಿತ ಬಿಟ್ಟಿದ್ದವು. ಬಗಲಲ್ಲಿ ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತಿದ್ದವು.

"ಫೋನ್ ಯಾಕೆ ಎತ್ಲಿಲ್ಲ?" ಎಂದು ಬಸ್ಸಿನ ಮೆಟ್ಟಿಲಿನಿಂದಲೇ ಕಿರುಚಿದೆ.

"ಹೆಂಗೆ ಎತ್ತಲಿ? ಅದು ಸೀಟಿನ ಮೇಲೆ, ಆ ಚಕ್ರಗಳ ಕೆಳಗಿದೆ. ಕೈ ಬಿಟ್ರೆ ನಿನ್ನ ಸೈಕಲ್ ರಸ್ತೆಗೆ ಬಿದ್ದುಹೋಗುತ್ತೆ."

"ಬಿದ್ರೆ ಬೀಳ್ಲಿ! ಸ್ಟೆಂಟ್ ಹಾಕಿರೋದು ಸೈಕಲ್ಲಿಗಲ್ಲ, ನಿಮ್ಮ ಎದೆಗೆ! ನಿಮ್ಮ ಸೈಕಲ್ ಎಲ್ಲಿ?"

ಅವರು ಗಲ್ಲದಿಂದ ಚರಂಡಿಯ ಕಡೆ ತೋರಿಸಿದರು. "ಎರಡೂ ಹಿಡಿಯೋಕಾಗ್ಲಿಲ್ಲ. ಒಂದನ್ನ ಬಿಡಬೇಕಾಯ್ತು."

ಮಾನ್ಯರೇ, ದೂರು ವಿಭಾಗದವರು ಸಾರ್ವಜನಿಕರ ಮುಂದೆ ಅಳಬಾರದೆಂಬುದು ನಮ್ಮ ಕಚೇರಿಯ ಅಲಿಖಿತ ನಿಯಮ. ನಾನು ಅದನ್ನು ಹೆದ್ದಾರಿಯಲ್ಲಿ, ಭಾನುವಾರದ ಜನಜಂಗುಳಿಯ ಮುಂದೆ ಮುರಿದೆ. ಕಂಡಕ್ಟರ್ ಇಳಿದು ಬಂದು ಸೈಕಲ್ ಇಳಿಸಿಕೊಟ್ಟು, ನನ್ನ ಸೀಟಿನ ಮೇಲೆ ಬೆಲ್ಟ್ ಕಟ್ಟಿಕೊಂಡು ಕೂತಿದ್ದ ಚಕ್ರಗಳನ್ನು ಬಗ್ಗಿ ನೋಡಿ, "ಓ, ಇವರೇನಾ ಅವರು?" ಎಂದು ಕೇಳಿದಾಗಲೇ ನನಗೆ ನಗು ಬಂದದ್ದು.

ಅವರ ಎದೆ ಸರಿಯಾಗಿಯೇ ಇತ್ತು. ಮರುದಿನ ವೈದ್ಯೆ ನೋಡಿ ಹಾಗೆಂದರು, ಬೈದದ್ದು ಬೇರೆ. ಆ ಹೊತ್ತಿಗೆ ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಉಸಿರು ಸಮವಾದ ಮೇಲೆ, ಚಕ್ರಗಳಿಗೆ ಕಟ್ಟಿದ್ದ ಬೆಲ್ಟನ್ನು ನಾನೇ ಬಿಚ್ಚಿ, ಅವನ್ನು ಸೈಕಲ್‌ಗಳಿಗೆ ಜೋಡಿಸಿದೆ. ಚರಂಡಿಯಿಂದ ಎತ್ತಿದ ಅವರ ಸೈಕಲಿನ ಸೊಟ್ಟಗಾದ ಹ್ಯಾಂಡಲನ್ನು, ಮುಂದಿನ ಚಕ್ರ ಮೊಣಕಾಲ ಮಧ್ಯೆ ಇಟ್ಟುಕೊಂಡು ನಾನೇ ತಿರುಗಿಸಿದೆ. ಕಾರನ್ನು ಅಲ್ಲೇ ಬಿಟ್ಟು, ಸೇತುವೆಯ ಕೆಳಗಿನ ಗೋದಾಮುಗಳ ಹಿಂದಿನ ಓಣಿ ಹಿಡಿದು ಇಬ್ಬರೂ ಸೈಕಲ್ ತಳ್ಳಿಕೊಂಡು ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಹತ್ತಿದೆವು. ಒಂದು ಲಾರಿಯಿಲ್ಲ, ಒಂದು ಏರಿಲ್ಲ. ರೈಲು ಹಳಿಯ ಬದಿಗೇ ಸಾಗಿದ ಆ ಓಣಿ ತಿರುಗಿ ತಿರುಗಿ ಕೊನೆಗೆ ಬಂದು ನಿಂತದ್ದು ಎಲ್ಲಿಗೆ ಗೊತ್ತೇ? ನಮ್ಮ ಬೀದಿಯ ಹಾಲಿನ ಅಂಗಡಿಯ ಹಿಂಭಾಗಕ್ಕೆ. ಮರುವಾರ ಅದೇ ಓಣಿಯನ್ನು ಇನ್ನೊಂದು ತುದಿಗೆ ಹಿಡಿದು ಹೋದರೆ ನದಿ ದಂಡೆ. ಊರಿಗೆಲ್ಲ ದೂರದೃಷ್ಟಿಯ ಕನ್ನಡಕ ಕೊಡುವವರ ಮನೆ ಹಿತ್ತಿಲಲ್ಲೇ ಇತ್ತು ದಾರಿ. ದೀಪದ ಬುಡದಲ್ಲಿ ಕತ್ತಲೆ.

ಈಗ ನಮ್ಮ ಬೇಡಿಕೆಗಳು ಬಹಳ ಕಡಿಮೆಯಾಗಿವೆ. ಎರಡು ಸೈಕಲ್‌ಗಳ ನಡುವೆ ಕಾರಿನ ನೆತ್ತಿಯ ಮೇಲೆ ಇರುವ ಗೇಣು ಜಾಗದಲ್ಲಿ ಹೆಂಡತಿಯನ್ನು ಅಂಟಿಸಲು ಇನ್ನೊಂದು ಬಟ್ಟಲು ಕಳಿಸಿರೆಂದು ಕೇಳಬೇಕೆಂದಿದ್ದೆ, ಈಗ ಬೇಡ. ಮುಂದಿನ ಚಕ್ರವೇ ಇಲ್ಲದ ಸೈಕಲ್ ತಯಾರಿಸಿರೆಂದು ಬಿನ್ನವಿಸಬೇಕೆಂದಿದ್ದೆ, ಅದೂ ಬೇಡ. ಒಂದೇ ಒಂದು ಉಪಕಾರ ಮಾಡಿ: ರಸ್ತೆಯಲ್ಲಿ ಅಷ್ಟು ಸುಲಭವಾಗಿ ಕೈಬಿಟ್ಟ ಆ ನೆತ್ತಿಯ ಬಟ್ಟಲುಗಳನ್ನು ಕಾರು ಮನೆಗೆ ತರುವಾಗ ನಮ್ಮವರು ಅಭ್ಯಾಸಬಲದಿಂದ 'ಹಾ' ಎಂದು ಒರೆಸಿ ಮತ್ತೆ ಅಂಟಿಸಿಬಿಟ್ಟರು. ಈಗ ಏನು ಮಾಡಿದರೂ ಬಿಡುತ್ತಿಲ್ಲ. ನಿಂತ ಕಾರಿನ ಮೇಲೆ ಅವುಗಳ ನಿಷ್ಠೆ ನೋಡಿ ಕಣ್ಣು ತುಂಬಿ ಬರುತ್ತದೆ. ಅತ್ತೆ ಆ ರ‍್ಯಾಕಿನ ಮೇಲೆ ಟವೆಲ್ ಒಣಹಾಕುತ್ತ, ಸವತಿ ಕೊನೆಗೂ ಮನೆಗೆಲಸ ಕಲಿತಳು ಎನ್ನುತ್ತಾರೆ. ಟವೆಲ್ ಹಾರದಂತೆ ಎರಡು ಕ್ಲಿಪ್ ಕಳಿಸಿಕೊಟ್ಟರೆ ತಮ್ಮ ಋಣ ಮರೆಯುವುದಿಲ್ಲ.

ಇತಿ, ಸದ್ಯ ಗಂಡನ ಹಿಂದೆ ಒಂದು ಸೈಕಲಿನಷ್ಟೇ ದೂರದಲ್ಲಿ ಹೋಗುತ್ತ, ಅವರ ಬೆನ್ನಿನ ಉಸಿರಾಟವನ್ನು ನೋಡುತ್ತ ಮಾತಾಡುವ ಭಾಗ್ಯ ಪಡೆದ,

ತಮ್ಮ ವಿಶ್ವಾಸಿ,
ಬಸ್ಸಿನಲ್ಲಿ ಹೆಲ್ಮೆಟ್ ಹಿಡಿದು ಕೂರುತ್ತಿದ್ದ ಅಕ್ಕ

ವಿ.ಸೂ.: ಉತ್ತರ ಬರೆಯುವ ಶ್ರಮ ತಮಗೆ ಬೇಡವೆಂದು, "ತಮ್ಮ ಅಹವಾಲನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಎಂದು ನಾನೇ ಬರೆದು ಲಗತ್ತಿಸಿದ್ದೇನೆ, ತಾವು ಸಹಿ ಹಾಕಿದರೆ ಸಾಕು. ಹಾಕುವ ಮುನ್ನ ಪೆಟ್ಟಿಗೆಯ ಮೇಲಿನ ಆ ಹೆಣ್ಣುಮಗಳನ್ನು ಒಮ್ಮೆ ಕರೆಸಿ, ಚಿತ್ರ ತೆಗೆದಾದ ಮೇಲೆ ಮನೆಗೆ ಹೇಗೆ ಹೋದಳೆಂದು ದಯವಿಟ್ಟು ವಿಚಾರಿಸಿ. ಬಸ್ಸಿನಲ್ಲಿ ಎಂದಳಾದರೆ, ಭಾನುವಾರ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ನನ್ನ ಸೀಟು ಈಗ ಖಾಲಿ ಇದೆ ಎಂದು ತಿಳಿಸಿ. ಕಂಡಕ್ಟರಿಗೆ ಕಥೆ ಗೊತ್ತು, ಆಕೆ ಮತ್ತೆ ಹೇಳಬೇಕಾಗಿಲ್ಲ.