ತಪಾಸಣೆ ಸಾಹೇಬರ ತೋಳಿಗೆ ಅಮ್ಮ ಬಂದದ್ದು

ದವಾಖಾನೆಯವರು ಚುಚ್ಚುವುದನ್ನು ಕಲಿಸಲು ಹೊರಟಾಗಲೆಲ್ಲ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ಈಗಿನ ಫಜೀತಿಗಳು ಸಪ್ಪೆ ಬಿಡ್ರಿ. ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನ ದವಾಖಾನೆಯಲ್ಲಿ ಜವಾನನಾಗಿದ್ದಾಗ ಆದಂಥವು ಈಗ ಆಗುವುದಿಲ್ಲ. ಯಾಕಂದರೆ ಈಗ ಅಲ್ಲಿ ನಾನಿಲ್ಲ.

ಸಿಡುಬಿಗೆ ನಮ್ಮ ಕಡೆ ಅಮ್ಮ ಅನ್ನುತ್ತಿದ್ದರು. ಅದು ಬಾರದಂತೆ ತೋಳಿಗೆ ಗೀರಿ ಮದ್ದು ಹಚ್ಚುವುದಕ್ಕೆ ದೇವಿ ಹಾಕುವುದು ಅಂತ ಹೆಸರು. ಆ ಕೆಲಸವನ್ನು ಐದು ಮಂದಿಗೆ ಕಲಿಸಲು ಹೈದರಾಬಾದಿನಿಂದ ಒಬ್ಬ ಡಾಕ್ಟರ್ ಸಾಹೇಬರು ಬಂದರು. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೆ ಮಾಸ್ತರನೇ ಇಳಿದು ಹೋಗುತ್ತಿದ್ದ. ಆದರೂ ಸರ್ಕಾರ ನನ್ನನ್ನು ಹಂಗಾಮಿಯಾಗಿಯೇ ಇಟ್ಟಿತ್ತು. ಮಸ್ಕಿಯಲ್ಲಿ ನನಗೊಂದು ಹೆಣ್ಣು ಗೊತ್ತು ಮಾಡಿದ್ದರು. ಹುಡುಗಿಯ ಅಜ್ಜಿ ಮಾತ್ರ, "ಹಂಗಾಮಿಗೆ ಹೆಣ್ಣು ಕೊಡಾಂಗಿಲ್ಲ. ಖಾಯಂ ಆಗಿ ಬಾ" ಅಂದಿದ್ದಳು.

ಡಾಕ್ಟರು ಹೇಳಿದರು: "ದೊಡ್ಡ ಸಾಹೇಬರು ಮಾಡುವ ತಪಾಸಣೆಯಲ್ಲಿ ಈ ಐವರು ಪಾಸಾದರೆ ನಿನ್ನ ಖಾಯಂ ಮಾತು ಎತ್ತುತ್ತೇನೆ. ಇಲ್ಲವಾದರೆ ನನಗೆ ಬದಲಿ, ನಿನಗೆ ಮನೆ."

ನನ್ನ ಲಗ್ನ ಐದು ಮಂದಿ ದಡ್ಡ ಅಡಮುಟ್ಟರ ಕೈಯಲ್ಲಿ ಸಿಕ್ಕಿದ್ದು ಹೀಗೆ.

ಅರ್ಥ ಹೇಳುವ ಕೆಲಸ

ಡಾಕ್ಟರದು ಅಪ್ಪಟ ಉರ್ದು. ಬಾಯಿಂದ ಮಾತಿಗಿಂತ ಮೊದಲು ಅತ್ತರಿನ ವಾಸನೆ ಬರುತ್ತಿತ್ತು. ಕಲಿಯುವವರಿಗೆ ಗೊತ್ತಿದ್ದ ಉರ್ದು ಬೈಗಳಷ್ಟೇ. ಹೀಗಾಗಿ ನಡುವೆ ನಾನು. ನನ್ನ ಉರ್ದು ಟಾಂಗಾದವರಿಂದ ಕಲಿತದ್ದಾದರೂ, ನವಾಬರು ಬಂದು ತಿದ್ದಿಸಿಕೊಂಡು ಹೋಗುವಂಥದ್ದು.

ಮೊದಲ ದಿನದ ಪಾಠ, ಕಣ್ಣಿಗೆ ಕಾಣದ ಹುಳುಗಳದ್ದು. ಬೇವಿನ ಮರದ ನೆರಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವ ತನಕ ಡಾಕ್ಟರು ಮಾತಾಡಿದರು. ನಾನು ಐವರ ಕಡೆ ತಿರುಗಿ ಅಂದೆ:

"ಕೈ ತೊಳ್ಕೋರಿ."

"ಇಷ್ಟೇನಾ?" ಡಾಕ್ಟರು ಹುಬ್ಬೇರಿಸಿದರು.

"ಹುಜೂರ್, ಕನ್ನಡ ಭಾಳ ಉಳಿತಾಯದ ಭಾಷೆ."

ಆಮೇಲೆ ಅವರು, "ಸಮಜೇ?" ಅಂತ ಒಂದೇ ಮಾತು ಕೇಳಿದರು. ನಾನು ಕೈ ತಿರುಗಿಸಿ, ಕಣ್ಣು ಅರಳಿಸಿ, ಐವರೂ ಬಿದ್ದು ಬಿದ್ದು ನಗುವ ತನಕ ಹೇಳಿದೆ.

"ಏನು ಹೇಳಿದಿ?"

"ತಿಳೀತೇನ್ರಿ ಅಂತ ಕೇಳಿದೆ ಹುಜೂರ್."

"ಇಷ್ಟು ಹೊತ್ತು?"

"ಇವರಿಗೆ ತಿಳಿಯೋದೇ ತಡ ಹುಜೂರ್."

ಸತ್ತ ಕೂಸುಗಳು

ಕೂಸುಗಳ ತೋಳಿಗೆ ಹೋಗುವ ಮೊದಲು ಬದನೆಕಾಯಿಯ ಮೇಲೆ ಕೈ ಪಳಗಬೇಕು ಅಂತ ಡಾಕ್ಟರರ ಹುಕುಂ. ದಢೇಸುಗೂರಿನ ಹೊಳೆದಂಡೆಯಿಂದ ನಾನೇ ಗಾಡಿ ತುಂಬ ತಂದೆ. ಆಗಿನ ಬದನೆಕಾಯಿ ಅಂದರೆ ಏನಂತೀರಿ, ಒಂದು ಉರುಳಿ ಬಿದ್ದು ಎತ್ತಿನ ಕಾಲೇ ಉಳುಕಿತು.

ನೇಮ ಇಷ್ಟೇ: ಸಿಪ್ಪೆ ಗೀರಬೇಕು, ಬೀಜ ಕಾಣಬಾರದು. ಐವರಲ್ಲಿ ಹಿರಿಯನಾದ ಸಿಂಧನೂರಿನ ಕಂಪೌಂಡರ್ ಚೂರಿ ಒತ್ತಿದ ಠೀವಿಗೆ ಅದು ಆಚೆ ಕಡೆಯಿಂದಲೇ ಹೊರಗೆ ಇಣುಕಿತು.

"ಈ ಕೂಸು ಸತ್ತಿತು," ಅಂದರು ಡಾಕ್ಟರು. "ಇನ್ನೊಂದು ತಾ."

ಅದೂ ಸತ್ತಿತು. ಹೊತ್ತು ಇಳಿಯುವುದರೊಳಗೆ ಬುಟ್ಟಿ ತುಂಬ ಕೂಸುಗಳು ಸತ್ತವು. ಚೆಲ್ಲಲು ನನ್ನ ಕೈ ಬರಲಿಲ್ಲ. ಅಡುಗೆಯವನಿಗೆ ಕೊಟ್ಟೆ. ಊಟಕ್ಕೆ ಕೂತ ಡಾಕ್ಟರು ನಾಲ್ಕು ತುತ್ತು ಉಂಡು ಬೆರಳು ನೆಕ್ಕಿದರು.

"ವಾಹ್! ಏನಿದು?"

"ಹುಜೂರ್, ಕಂಪೌಂಡರನ ಕೈಯಾಗ ಸತ್ತ ಕೂಸುಗಳ ಎಣ್ಣೆಗಾಯಿ."

ಲಿಂಗಸುಗೂರಿನಲ್ಲಿ ಇರುವ ತನಕ ಅವರು ಬರೀ ಬೇಳೆ ಉಂಡರು.

ಖಾಲಿ ಕ್ಲಾಸು

ದೇವಿ ಹಾಕುವವನು ಮೊದಲು ತಾನು ದೇವಿ ಹಾಕಿಸಿಕೊಂಡಿರಬೇಕಂತೆ. ಡಾಕ್ಟರು ತಾವೇ ಐವರ ತೋಳಿಗೂ ಹಾಕಿದರು. ಕೆಲವು ದಿನಕ್ಕೆ ತೋಳು ಉಬ್ಬಿ ನೀರುಗುಳ್ಳೆ ಎದ್ದವು. ಡಾಕ್ಟರಿಗೆ ಬಲು ಖುಷಿ. ಮರುದಿನ ಕ್ಲಾಸಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.

ಐವರೂ ಇದ್ದದ್ದು ಒಂದೇ ಛತ್ರದಲ್ಲಿ. ಮಗನಿಗೆ ಅಡುಗೆ ಮಾಡಿಹಾಕಲು ಕಂಪೌಂಡರನ ತಾಯಿಯೂ ಬೆನ್ನಿಗೇ ಬಂದಿದ್ದಳು. ಹೋಗಿ ನೋಡಿದರೆ ಬಾಗಿಲಿಗೆ ಬೇವಿನ ತೋರಣ. ಒಳಗೆ ಬೇವಿನ ಎಲೆಯ ಮೇಲೆ ಸಾಲಾಗಿ ಐದು ಮಂದಿ ವಿದ್ಯಾವಂತರು.

"ಬೂಟು ಹೊರಗ ಬಿಡ್ರಿ," ಅಂದಳು ಮುದುಕಿ. "ಐದೂ ಮಕ್ಕಳಿಗಿ ಅಮ್ಮ ಬಂದಾಳ. ಅಕಿ ತಣ್ಣಗಾಗೋತನಾ ಹೊಸ್ತಿಲ ದಾಟಾಂಗಿಲ್ಲ."

"ಅಮ್ಮನಲ್ಲ ಅದು, ನಾನೇ ಹಾಕಿದ್ದು!" ಡಾಕ್ಟರು ಕೂಗಿದರು. ನಾನು ಅರ್ಥ ಹೇಳಿದೆ. ಮುದುಕಿ ಗಲ್ಲ ಗಲ್ಲ ಬಡಿದುಕೊಂಡು ಅವರ ಕಾಲಿಗೆ ಬಿದ್ದಳು. "ಅಮ್ಮನ್ನ ಕೈಹಿಡದು ಕರ್ಕೊಂಡು ಬಂದಾವ ಇವನಽ ಏನು!"

ಪಾಠ ಹೇಳಲು ಹೋದ ಡಾಕ್ಟರು ಹಣೆಗೆ ಕುಂಕುಮ, ಕೈಯಲ್ಲಿ ತೆಂಗಿನಕಾಯಿ ಹಿಡಿದು ಹೊರಗೆ ಬಂದರು. ಅಮ್ಮ ತಣ್ಣಗಾದಳು ಅಂತ ಹಿರೇ ಹೆಂಗಸೊಬ್ಬಳು ತೋಳು ಮುಟ್ಟಿ ಹೇಳಬೇಕು. ಅಲ್ಲಿಯ ತನಕ ಹೈದರಾಬಾದಿನ ಹುಕುಂ ಕೂಡ ನಡೆಯುವುದಿಲ್ಲ.

ತಪಾಸಣೆ

ತಪಾಸಣೆ ಮಸ್ಕಿಯ ಚಾವಡಿಯಲ್ಲಿ. ದೊಡ್ಡ ಸಾಹೇಬರು ಮೋಟಾರಿನಲ್ಲಿ ಬಂದರು. ಸುತ್ತಲ ಹಳ್ಳಿ ನೋಡಲು ವಾರದ ಮುಕ್ಕಾಂ. ಐವರ ಕೈಯಿಂದ ದೇವಿ ಹಾಕಿಸಿಕೊಳ್ಳಲು ಊರೆಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ನನ್ನ ಹುಡುಗಿಯ ಅಜ್ಜಿ.

"ಹೆದರಬೇಡಿ, ಏನೂ ಆಗುವುದಿಲ್ಲ," ಅಂದರು ಸಾಹೇಬರು.

ಅಜ್ಜಿ ನನಗೆ ಅಂದಳು: "ಹಂಗಾರ ಮೊದಲ ತನ್ನ ತೋಳ ತೋರಸು ಅನ್ನು."

ನಾನು ಅರ್ಥ ಹೇಳಿದೆ. ಸಾಹೇಬರು ಶೇರವಾಣಿಯ ಗುಂಡಿ ಇನ್ನೂ ಬಿಗಿ ಮಾಡಿಕೊಂಡರು. ಅಜ್ಜಿ ಎದ್ದಳು. ಅವಳ ಹಿಂದೆ ಊರು ಎದ್ದಿತು. ಊರು ಎದ್ದು ಹೋದರೆ ನನ್ನ ಲಗ್ನವೂ ಎದ್ದು ಹೋದ ಹಾಗೆ. ನಾನು ಕೈ ಮುಗಿದೆ. ಸಾಹೇಬರು ಶೇರವಾಣಿ ಬಿಚ್ಚಿದರು. ತೋಳು ಬೆಳಗಿಟ್ಟ ತಾಟಿನ ಹಾಗೆ. ಒಂದು ಕಲೆ ಇಲ್ಲ! ಊರೂರಿಗೆ ದೇವಿ ಹಾಕಿಸುವ ಧಣಿ ತಾನೇ ದೇವಿ ಹಾಕಿಸಿಕೊಂಡಿರಲಿಲ್ಲ. ನಮ್ಮ ಡಾಕ್ಟರು ಆಕಾಶದಲ್ಲಿ ಏನೋ ಹುಡುಕತೊಡಗಿದರು.

"ತಾ ಉಣ್ಣದ್ದು ನಮಗ ಬಡಸಾಕ ಬಂದಾನೇನು?" ಅಂದಳು ಅಜ್ಜಿ.

ಬೇರೆ ದಾರಿ ಇರಲಿಲ್ಲ. ಸಾಹೇಬರು ಕಣ್ಣು ಮುಚ್ಚಿ ತೋಳು ಚಾಚಿದರು. ಮುಂದೆ ಬಂದವನು ಕಂಪೌಂಡರ್! ಆದರೆ ಬುಟ್ಟಿ ಬದನೆಕಾಯಿಯ ಪುಣ್ಯ ದೊಡ್ಡದು. ಬೀಜ ಕಾಣಲಿಲ್ಲ. ಅದನ್ನು ನೋಡಿ ಮಸ್ಕಿಗೆ ಮಸ್ಕಿಯೇ ತೋಳೇರಿಸಿ ಸಾಲು ನಿಂತಿತು.

ವಾರ ಕಳೆದು ಸಾಹೇಬರು ಹೊರಡುವಾಗ ತೋಳು ಉಬ್ಬಿತ್ತು, ಮೈ ಬೆಚ್ಚಗಿತ್ತು. ಅಜ್ಜಿ ಬೇವಿನ ಟೊಂಗೆ ಹಿಡಿದು ಮೋಟಾರಿಗೆ ಅಡ್ಡ ನಿಂತಳು.

"ಎಲ್ಲಿಗಿ ಹೊಂಟಾರ? ಅಮ್ಮ ಬಂದ ಮೈ ಸೀಮಿ ದಾಟಬಾರದು."

ಬೇವು ಕಂಡದ್ದೇ ತಡ, ಡ್ರೈವರ್ ಮೋಟಾರು ಚಾಲೂ ಮಾಡಲು ತಿರುವುವ ಹ್ಯಾಂಡಲ್ ಕಿತ್ತು ಅಜ್ಜಿಯ ಕೈಗಿಟ್ಟು ನಮಸ್ಕಾರ ಮಾಡಿದ. ದೊಡ್ಡ ಸಾಹೇಬರು ಬೇವಿನ ಎಲೆಯ ಮೇಲೆ ಮಲಗಿದರು. ಬಿರಿಯಾನಿ ಇಲ್ಲ, ಕ್ಷೌರ ಇಲ್ಲ, ಮೂರು ಹೊತ್ತೂ ಮೊಸರನ್ನ. ಎರಡೇ ದಿನಕ್ಕೆ ಗೋಗರೆದರು: "ಐವರೂ ಪಾಸ್! ನನ್ನನ್ನು ಬಿಡಿಸಿ!"

"ಏನಂತಾನ?" ಕೇಳಿದಳು ಅಜ್ಜಿ.

"ಐದೂ ಮಂದಿ ಪಾಸಂತ."

"ಐದಽ ಏನು? ಆರನೇದಾವಂದು ಏನಾತು ಕೇಳು."

ನಾನು ಸಾಹೇಬರ ಕಡೆ ತಿರುಗಿದೆ. "ಹುಜೂರ್, ಜವಾನ ಖಾಯಂ ಆಗುವ ತನಕ ಅಮ್ಮ ಇಳಿಯುವುದಿಲ್ಲವಂತೆ."

ಅವರು ನನ್ನನ್ನು ನೋಡಿದರು. ಮೊಸರಿನ ಗಡಿಗೆಯನ್ನು ನೋಡಿದರು.

"ಖಾಯಂ," ಅಂದರು.

ಅದಕ್ಕೆ ಅರ್ಥ ಹೇಳಬೇಕಾಗಲಿಲ್ಲ. ಅಜ್ಜಿ ಅವರ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತಣ್ಣಗಾದಳು ನಮ್ಮವ್ವ. ಹ್ಯಾಂಡಲ್ ಕೊಡ್ರಿ ಅವರಿಗಿ."