ಕರ್ತೃವಿಲ್ಲದ ಪಲ್ಯ

ನನಗೆ ಅಹಂಕಾರ ಬಿಟ್ಟುಹೋಗಿದ್ದು ಕಳೆದ ಚಳಿಗಾಲದಲ್ಲಿ. ಅಂದಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ. ಗಂಡ ಬೀಡಿ ಬಿಟ್ಟರೆ ಹೆಂಡತಿಯಾದವಳು ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತಾಳೆ. ಕುಡಿಯುವುದನ್ನು ಬಿಟ್ಟರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಾಳೆ. ಅಹಂಕಾರವನ್ನೇ ಬಿಟ್ಟ ಗಂಡನಿಗೆ ಮಾತ್ರ ಒಂದು ಲೋಟ ಕಷಾಯವೂ ಹೆಚ್ಚಿಗೆ ಸಿಗುವುದಿಲ್ಲ!

ನಾನು ನಾಗಪತಿ, ಶಿರಸಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಕರ್ತೃಪದ, ಕರ್ಮಪದ, ಕ್ರಿಯಾಪದಗಳನ್ನು ಮಕ್ಕಳ ತಲೆಗೆ ತುಂಬಿ ತುಂಬಿ ನನ್ನ ತಲೆ ಬೋಳಾಗಿದೆ. ಸಿದ್ದಾಪುರದಲ್ಲಿ ಒಂದು ಪ್ರವಚನವಿದೆ ಎಂದು ಸಹೋದ್ಯೋಗಿಯೊಬ್ಬರು ಎಳೆದುಕೊಂಡು ಹೋದರು. "ಮಾಡುವವನು ನಾನು ಎಂಬ ಭಾವವೇ ಅಹಂಕಾರ. ಆ ಕರ್ತೃವನ್ನು ಕಿತ್ತೆಸೆಯಿರಿ" ಎಂದರು ಪ್ರವಚನಕಾರರು. ಸಭೆಯಲ್ಲಿದ್ದವರೆಲ್ಲ ಇದು ಈ ಜನ್ಮದಲ್ಲಿ ಆಗುವ ಮಾತಲ್ಲವೆಂದು ಮುಖ ಸಣ್ಣ ಮಾಡಿಕೊಂಡರು. ನನಗೊಬ್ಬನಿಗೆ ಖುಷಿಯೋ ಖುಷಿ. ಕನ್ನಡದಲ್ಲಿ ಆ ಸೌಲಭ್ಯ ಮೊದಲೇ ಇದೆಯಲ್ಲ! ಲೋಟ ಬಿತ್ತು, ಹಾಲು ಉಕ್ಕಿತು, ಮರೆತುಹೋಯಿತು. ಬೀಳಿಸಿದವನಿಲ್ಲ, ಉಕ್ಕಿಸಿದವನಿಲ್ಲ, ಮರೆತವನಂತೂ ಇಲ್ಲವೇ ಇಲ್ಲ. ವ್ಯಾಕರಣ ಬಲ್ಲವನಿಗೆ ಮೋಕ್ಷ ಇಷ್ಟು ಅಗ್ಗವೆಂದು ನನಗೂ ಗೊತ್ತಿರಲಿಲ್ಲ.

ಮರುದಿನವೇ ಸಾಧನೆ ಶುರುವಾಯಿತು. ನನ್ನ ಮೊಣಕೈ ತಾಗಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ನೆಲಕ್ಕೆ ಬಿತ್ತು. ಹೆಂಡತಿ ವಿನೋದಾ ಓಡಿ ಬಂದಳು.

"ಎಂತ ಆತು?"

"ಭರಣಿ ಒಡೆದು ಹೋತು."

"ಅದರಷ್ಟಕ್ಕೆ ಅದೇ ಒಡೆದು ಹೋತಾ?"

"ಹೌದು. ಮಾಡುವವ ಆನಲ್ಲ." (ನಮ್ಮ ಮನೆಮಾತಿನಲ್ಲಿ 'ಆನು' ಎಂದರೆ ನಾನು.)

"ಹಂಗಾರೆ ಒರೆಸುವವು ಯಾರು?"

"ಅದನ್ನೂ ಅವನೇ ನೋಡ್ಕತ್ತ" ಎಂದು ನಾನು ಮೇಲೆ ಕೈ ತೋರಿಸಿದೆ. (ಒರೆಸಿದ್ದು ವಿನೋದಾ.)

ಅಲ್ಲಿಂದ ಮುಂದೆ ಸ್ಕೂಟರ್ ಗೇಟಿಗೆ ತಾನೇ ಉಜ್ಜಿಕೊಂಡಿತು, ಕರೆಂಟ್ ಬಿಲ್ ತಾನೇ ಬಾಕಿ ಉಳಿಯಿತು, ಅವಳ ತಂಗಿಯ ಗಂಡನ ಎದುರು ನನ್ನ ಬಾಯಿಂದ ಆಡಬಾರದ ಮಾತೊಂದು ತಾನೇ ಹೊರಬಿತ್ತು. ನಾನು ಮಾತ್ರ ನಿರ್ಲಿಪ್ತ. ಆದರೆ ಹತ್ತನೇ ತರಗತಿಯ ಫಲಿತಾಂಶ ಬಂದು, ಕನ್ನಡದಲ್ಲಿ ಎಲ್ಲರೂ ಪಾಸಾದ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದು ಆನು ಮಾಡಿದ ಕೆಲಸ" ಎಂದುಬಿಟ್ಟೆ.

"ಭರಣಿ ಅದೇ ಒಡೀತು, ರಿಸಲ್ಟ್ ಮಾತ್ರ ನಿಂಗ ತಂದದ್ದಾ?" ಎಂದಳು.

"ಅದು ಶಾಲೆಯ ಗೌರವದ ಪ್ರಶ್ನೆ" ಎಂದೆ. ಅಜ್ಞಾನಿಗಳೊಡನೆ ಸಂಸಾರ ಮಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಈಗ ಡೇರೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹೆಂಗಸರು ಡೇರೆ, ಅಂದರೆ ಡೇಲಿಯಾ ಹೂವಿನ ವಿಷಯದಲ್ಲಿ ಬಂಗಾರದಷ್ಟೇ ಗಂಭೀರ. ಮಳೆಗಾಲದಲ್ಲಿ ಅಂಗಳದ ತುಂಬ ತಟ್ಟೆಯಗಲ ಅರಳುತ್ತದೆ. ಚಳಿಗಾಲಕ್ಕೆ ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ಬೂದಿಯಲ್ಲಿ ಹೊರಳಿಸಿ, ಮುಂದಿನ ಮಳೆಯವರೆಗೆ ಬಾಣಂತಿಯ ಹಾಗೆ ಜೋಪಾನ ಮಾಡುತ್ತಾರೆ. ವಾನಳ್ಳಿಯಲ್ಲಿದ್ದ ನನ್ನ ಅತ್ತೆ, ವಿನೋದಾಳ ಅಮ್ಮ ವೆಂಕಮ್ಮನವರ ಹತ್ತಿರ ಒಂದು ಜಾತಿಯಿತ್ತು. ಕಪ್ಪು ಎನ್ನುವಷ್ಟು ಕೆಂಪು, ಎಸಳಿನ ತುದಿಯಲ್ಲಿ ಮಾತ್ರ ಬಿಳಿ. ಅತ್ತೆ ತೀರಿಕೊಂಡ ವರ್ಷ ಅಲ್ಲಿಯ ಗಡ್ಡೆಗಳೆಲ್ಲ ಮಳೆಗೆ ಕೊಳೆತುಹೋದವು. ಉಳಿದದ್ದು ವಿನೋದಾ ಅದಕ್ಕೂ ಮೊದಲು ಇಲ್ಲಿಗೆ ತಂದು ನೆಟ್ಟಿದ್ದು ಮಾತ್ರ. ಕಳೆದ ಮಳೆಗಾಲದಲ್ಲಿ ಅದು ಹೂ ಬಿಟ್ಟಾಗ ಅವಳು ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಅದರ ಎದುರು ಕೂತಿರುತ್ತಿದ್ದಳು. ಒಮ್ಮೊಮ್ಮೆ ತುಟಿ ಅಲ್ಲಾಡುತ್ತಿದ್ದುದನ್ನೂ ನೋಡಿದ್ದೇನೆ.

ಬೇಸಿಗೆ ರಜೆಯಲ್ಲಿ ವಿನೋದಾ ಯಲ್ಲಾಪುರದ ತಂಗಿಯ ಮನೆಗೆ ನಾಮಕರಣಕ್ಕೆಂದು ಬೆಳಗಿನ ಬಸ್ಸಿಗೆ ಹೋದಳು. ಸಂಜೆ ದಣಿದು ಬರುತ್ತಾಳೆ, ಅಷ್ಟರೊಳಗೆ ಅಡುಗೆ ಮಾಡಿಡೋಣ ಎಂಬ ದಿವ್ಯ ಯೋಚನೆ ನನಗೆ ಬಂತು. ಫಲಾಪೇಕ್ಷೆ ಇಲ್ಲದ ಕರ್ಮ! ಅಡುಗೆಮನೆಯ ಮೂಲೆಯಲ್ಲಿ, ಈರುಳ್ಳಿಯ ಪಕ್ಕ, ಒಂದು ಬುಟ್ಟಿಯಲ್ಲಿ ಗೆಣಸು ಇತ್ತು. ಸುಕ್ಕುಗಟ್ಟಿ, ಮೈತುಂಬ ಬೂದಿ ಬಳಿದುಕೊಂಡು, ಕೆಲವಂತೂ ಮೊಳಕೆ ಬಿಟ್ಟಿದ್ದವು. ಈ ಮನೆಯಲ್ಲಿ ತರಕಾರಿಗೆ ಮುಪ್ಪು ಬರುವವರೆಗೆ ಕಾಯುತ್ತಾರೆ ಎಂದು ಗೊಣಗುತ್ತ ತೊಳೆದೆ, ಹೆರೆದೆ, ಹೆಚ್ಚಿದೆ. ಸಿಪ್ಪೆ, ಮೊಳಕೆ ಎಲ್ಲ ಬೀದಿಯ ಹಸುವಿಗೆ ಹೋಯಿತು. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಬೆಲ್ಲ, ಕಾಯಿತುರಿ ಸೇರಿಸಿದ ಮೇಲೆ ಪಲ್ಯದ ಫೋಟೋ ತೆಗೆದು "ಇಂದು ನನ್ನ ಕೈ ಅಡುಗೆ" ಎಂದು ಶಾಲೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮಧ್ಯಾಹ್ನ ನಾನೂ ಹೊಟ್ಟೆ ತುಂಬ ಉಂಡೆ.

ವಿನೋದಾ ಬಂದಳು, ಕೈಕಾಲು ತೊಳೆದು ಊಟಕ್ಕೆ ಕೂತಳು. ನಾನು ಬದಿಯಲ್ಲೇ ನಿಂತೆ.

"ಹ್ಯಾಂಗಿದ್ದು?"

"ಚೊಲೋ ಇದ್ದು" ಎಂದು ಮತ್ತೊಂದು ಸಲ ಹಾಕಿಸಿಕೊಂಡಳು. ನನ್ನ ಎದೆ ಬಾಗಿಲಿನಷ್ಟು ಅಗಲವಾಯಿತು. "ಗೆಣಸು ಎಲ್ಲಿಂದ ತಂದ್ರಿ?"

"ತಂದದ್ದಲ್ಲ. ಮೂಲೇಲಿ ಬುಟ್ಟಿ ಇತ್ತಲಾ, ಅದರಲ್ಲಿತ್ತು."

ಅವಳ ಕೈ ಬಾಳೆಲೆಯ ಮೇಲೇ ನಿಂತಿತು. ಎದ್ದು ಮೂಲೆಗೆ ಹೋದಳು. ಬುಟ್ಟಿಯ ತಳದ ಬೂದಿಯಲ್ಲಿ ಎಂಜಲು ಕೈಯನ್ನೇ ಆಡಿಸಿ ಆಡಿಸಿ ನೋಡಿದಳು. ಮೊಳಕೆ ಬಂದಿದೆಯೇ ನೋಡಲೆಂದು ಅವಳೇ ಹಿಂದಿನ ದಿನ ಅಟ್ಟದಿಂದ ಇಳಿಸಿದ್ದಳಂತೆ. ಡೇರೆ ಗಡ್ಡೆಯೂ ಗೆಣಸೂ ಅವಳಿಜವಳಿಯಂತೆ ಇರುತ್ತವೆ ಎಂದು ಯಾವ ಪ್ರವಚನದಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಕಿರುಚಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ನನ್ನ ನಾಲಿಗೆ ಅಭ್ಯಾಸಬಲದಿಂದ ಹೇಳಿತು: "ಗೊತ್ತಾಯ್ದಿಲ್ಲೆ ಮಾರಾಯ್ತಿ. ಬೆಂದು ಹೋತು."

ವಿನೋದಾ ನನ್ನ ಕಡೆ ನೋಡದೆ ಹೇಳಿದಳು: "ಅಮ್ಮ ಹೋತು. ಅದನ್ನ ಯಾರೂ ಮಾಡಿದ್ದಲ್ಲ. ಇದನ್ನ ಮಾಡಿದವು ಒಬ್ರು ಇದ್ದ."

ಆಮೇಲೆ ಮಾತಿಲ್ಲ. ದಿನಗಳು ಹೋದವು. ಹೊತ್ತಿಗೆ ಸರಿಯಾಗಿ ಅಡುಗೆಯಾಗುತ್ತಿತ್ತು, ಬಟ್ಟೆ ಒಗೆದು ಮಡಿಚಿಡುತ್ತಿದ್ದಳು. ಮನೆಯೊಳಗೆ ಸದ್ದೆಂದರೆ ಕುಕ್ಕರಿನದು ಮಾತ್ರ. ನನಗೆ ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು. ಇವಳು ಇನ್ನು ಹೀಗೇ ಇದ್ದುಬಿಟ್ಟರೆ ಏನು ಗತಿ? "ಆದ ಪ್ರಮಾದಕ್ಕೆ ವಿಷಾದ ವ್ಯಕ್ತಪಡಿಸಲಾಗುತ್ತದೆ" ಎಂಬಂಥ ವಾಕ್ಯಗಳು ಬಾಯಲ್ಲಿ ಸಿದ್ಧವಾಗುತ್ತಿದ್ದವು. ಎಲ್ಲವೂ ಕರ್ಮಣಿ ಪ್ರಯೋಗವೇ. 'ನಾನು' ಎಂಬ ಎರಡಕ್ಷರ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. (ನಾನು ಮೀನು ತಿಂದವನಲ್ಲ, ಆದರೂ ಊಹಿಸಬಲ್ಲೆ.) ನರ್ಸರಿಯಿಂದ ಹಳದಿ ಡೇರೆಯ ಕುಂಡವೊಂದನ್ನು ತಂದು ಮೆಟ್ಟಿಲ ಮೇಲಿಟ್ಟೆ. ಅವಳು ಅದಕ್ಕೆ ನೀರೇನೋ ಹಾಕಿದಳು. ಅದರ ಎದುರು ಕೂರಲಿಲ್ಲ.

ಕೊನೆಗೆ ವಾನಳ್ಳಿಯ ಭಾವನಿಗೆ ಫೋನ್ ಮಾಡಿ, "ಗಡ್ಡೆ ಹಾಳಾಗಿ ಹೋತು, ಎಲ್ಲಾದ್ರೂ ಇದ್ದಾ?" ಎಂದು ಕೇಳಿದೆ. ಬನವಾಸಿಯ ದೇವಕ್ಕನಿಗೆ ಅತ್ತೆ ಒಂದು ಗಡ್ಡೆ ಕೊಟ್ಟಿದ್ದು ಅವನಿಗೆ ನೆನಪಿತ್ತು. ದೇವಕ್ಕನ ಗಂಡ ಶುಂಠಿ ಬೀಜಕ್ಕೆಂದು ವಾನಳ್ಳಿಗೆ ಬರುತ್ತಿದ್ದ ಕಾಲದ ಪರಿಚಯವಂತೆ. ವಿನೋದಾಳಿಗೆ ಹೇಳದೆ ಬಸ್ಸು ಹತ್ತಿದೆ.

"ಬರ್ರಿ ಮಾಸ್ತರ, ಕೂಡ್ರಿ" ಎಂದು ದೇವಕ್ಕ ಮಜ್ಜಿಗೆ ಕೊಟ್ಟಳು. "ವೆಂಕಮ್ಮನ ಗಡ್ಡಿ ಐತ್ರಿ. ಆದ್ರ ನಿಮ್ಮನ್ಯಾಗಿದ್ದದ್ದು ಏನಾತ್ರಿ?"

"ಹಾಳಾಗಿ ಹೋಯಿತು."

"ಕೊಳೀತೇನ್ರಿ? ಹಂಗಿದ್ರ ಕೊಡಂಗಿಲ್ಲ ನೋಡ್ರಿ. ನಿಮ್ಮ ಮಣ್ಣಾಗ ರೋಗ ಐತಿ ಅಂತಾತು."

"ಕೊಳೆಯಲಿಲ್ಲ."

"ಇಲಿ ತಿಂತೇನ್ರಿ? ಆಗೂ ಕೊಡಂಗಿಲ್ಲ. ಇದನ್ನೂ ತಿಂತಾವ."

ಇಲಿ! ಎಂಥ ಅನುಕೂಲದ ಪ್ರಾಣಿ! ಆದರೆ ಇಲಿಯ ಹೆಸರು ಹೇಳಿದರೆ ಗಡ್ಡೆ ಸಿಗುವುದಿಲ್ಲ. ವ್ಯಾಕರಣದಲ್ಲಿ ಎಲ್ಲ ಬಾಗಿಲೂ ಮುಚ್ಚಿಹೋಗಿ ಒಂದೇ ಒಂದು ತೆರೆದಿತ್ತು. ಮಜ್ಜಿಗೆಯ ಲೋಟ ಕೆಳಗಿಟ್ಟು ಹೇಳಿದೆ: "ನಾನು ಬೇಯಿಸಿದೆ. ಗೆಣಸು ಅಂತ ತಿಳಿದು ಪಲ್ಯ ಮಾಡಿದೆ. ಅವಳಿಗೂ ಬಡಿಸಿದೆ."

ದೇವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎಷ್ಟು ನಕ್ಕಳೆಂದರೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಅವರಿಗೂ ಹೇಳಿದಳು. ಅವರೂ ನಕ್ಕರು. ನಗು ಮುಗಿದ ಮೇಲೆ ಒಳ್ಳೆಯ ಮೊಳಕೆಯಿದ್ದ ಗಡ್ಡೆಯೊಂದನ್ನು ಹಸಿ ಗೋಣಿಯಲ್ಲಿ ಸುತ್ತಿ ಕೊಟ್ಟು, "ಇದನ್ನ ಬೇಸಬ್ಯಾಡ್ರಿ ಮತ್ತ" ಎಂದಳು.

ಬಸ್ಸಿನುದ್ದಕ್ಕೂ ನಾನು ಆ ವಾಕ್ಯವನ್ನು ಉರು ಹೊಡೆದೆ. ಆನು ಬೇಯಿಸ್ದೆ. ತಪ್ಪು ಯನ್ನದು. ಇದನ್ನು ಕೇಳಿ ವಿನೋದಾ ಅಳಬಹುದು, ನನ್ನ ದೊಡ್ಡತನಕ್ಕೆ ಬೆರಗಾಗಲೂಬಹುದು. ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಅವಳ ಎದುರು ನಿಂತೆ. "ವಿನೋದಾ, ಆನು..."

"ಗೊತ್ತಾತು. ದೇವಕ್ಕ ಫೋನ್ ಮಾಡಿತ್ತು."

ಬದುಕಿನಲ್ಲಿ ಒಂದೇ ಒಂದು ಸಲ ಉತ್ತಮ ಪುರುಷದಲ್ಲಿ ಹೇಳಬೇಕೆಂದಿದ್ದ ವಾಕ್ಯ, ನನಗಿಂತ ಮೊದಲೇ ಪ್ರಥಮ ಪುರುಷದಲ್ಲಿ ಮನೆ ತಲುಪಿಬಿಟ್ಟಿತ್ತು. ಆದರೂ ಪೂರ್ತಿ ಹೇಳಿದೆ. ಹೇಳಿ, "ಇನ್ನಾದ್ರೂ ಸಿಟ್ಟು ಬಿಡೇ" ಎಂದೆ.

ಅವಳು ಗೋಣಿ ಬಿಚ್ಚಿ ಮೊಳಕೆಯ ಮೇಲೆ ಬೆರಳಾಡಿಸುತ್ತಿದ್ದಳು. "ಯಾರ ಮೇಲೆ ಸಿಟ್ಟು? ನಿಂಗಳ ಮೇಲಾ?"

"ಮತ್ತೆ ಇಷ್ಟು ದಿನ ಮಾತಾಡದ್ದು?"

"ನಿಂಗಳ ನೆನಪು ಎಲ್ಲಿತ್ತು ಯಂಗೆ" ಎಂದಳು. "ಮೊದಲ ತುತ್ತಿಗೇ ಕಹಿ ಗೊತ್ತಾಗಿತ್ತು. ಇದು ಗೆಣಸಲ್ಲ ಹೇಳಿ ಆಗಲೇ ಕೈ ನಿಲ್ಲಿಸಿ ಕೇಳಕಾಗಿತ್ತು. ನಿಂಗಕ್ಕೆ ಬೇಜಾರಾಗ್ತು ಹೇಳಿ ಕೇಳಿದ್ನಿಲ್ಲೆ, ಚೊಲೋ ಇದ್ದು ಹೇಳಿ ಮತ್ತೊಂದು ಸಲ ಹಾಕ್ಯಂಡೆ. ಅಮ್ಮನ ಡೇರೆನ ಆನೇ ತಿಂದೆ."

ಆ ಮೌನಕ್ಕೆ ಕಾರಣ ನಾನು, ಗುರಿ ನಾನು, ಅದನ್ನು ಮುರಿಯಬೇಕಾದವನೂ ನಾನು ಎಂದುಕೊಂಡು ಓಡಾಡಿದ್ದೆ. ಅವಳ ದುಃಖದಲ್ಲಿ ನನಗೆ ಸಿಕ್ಕ ಜಾಗ ಅದೊಂದು ಚತುರ್ಥಿ ವಿಭಕ್ತಿ ಮಾತ್ರ: 'ನಿಂಗಕ್ಕೆ ಬೇಜಾರಾಗ್ತು.'

ಅವಳು ಗಡ್ಡೆ ಹಿಡಿದುಕೊಂಡು ಅಂಗಳಕ್ಕೆ ಇಳಿದಳು. ನಾನು ಹೊಸ್ತಿಲಲ್ಲೇ ನಿಂತೆ. ಕಹಿ ಇತ್ತೇ? ಅದೇ ಪಲ್ಯವನ್ನು ಅದೇ ದಿನ ನಾನೂ ಉಂಡಿದ್ದೆನಲ್ಲ, ಅವಳಿಗಿಂತ ಹೆಚ್ಚೇ ಉಂಡಿದ್ದೆ. ನನಗೆ ಒಂಚೂರೂ ಕಹಿ ಅನ್ನಿಸಿರಲಿಲ್ಲ. ನಾನೇ ಮಾಡಿದ್ದಲ್ಲವೇ, ಬಹಳ ರುಚಿಯಾಗಿತ್ತು.