ನಮ್ಮ ಭಾವ ಸಾಕಿದ ಸರ್ವೇಯರು

ನಮ್ಮ ಭಾವನನ್ನು ಊಟಕ್ಕೆ ಕರೆದರೆ ಆ ಮನೆಗೆ ಬೆಂಕಿ ಬೀಳುತ್ತದೆ ಎಂಬ ನಂಬಿಕೆ ವಡೋದರಾದ ಕನ್ನಡಿಗರಲ್ಲಿ ಇದೆ. ನಾನು ಅವರ ನಾದಿನಿ, ಅಕ್ಕನ ಗಂಡನ ಪರ ವಹಿಸಿ ಮಾತಾಡಬೇಕಾದವಳು. ಆದರೆ ಏನು ಮಾಡಲಿ, ನಾನೂ ಅರ್ಧ ನಂಬುತ್ತೇನೆ! ಅವರು ಬಂದು ಹೋದ ಮೇಲೆ ಒಬ್ಬರ ಮನೆಯ ಗೀಸರ್ ಸಿಡಿದದ್ದುಂಟು, ಇನ್ನೊಬ್ಬರ ಫ್ರಿಜ್ಜಿನ ಹಿಂದಿನಿಂದ ಹೊಗೆ ಎದ್ದದ್ದುಂಟು. ಎರಡು ಸಲವೂ ಭಾವ ಹಿಂದಿನ ದಿನವೇ ಅದರ ಮುಂದೆ ನಿಂತು, ತಲೆ ಓರೆ ಮಾಡಿ, "ಹ್ಞೂಂ" ಅಂದಿದ್ದರು.

ಪಾಪ, ಅದು ಅವರ ಕಸುಬಿನ ದೋಷ. ಮೂವತ್ತು ವರ್ಷ ವಿಮೆಯ ಸರ್ವೇಯರ್ ಆಗಿದ್ದವರು ಭಾವ. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯಿಂದ ಸೂರತ್ತಿನ ಬಟ್ಟೆ ಗೋದಾಮಿನ ತನಕ ಎಲ್ಲಿ ಬೆಂಕಿ ಬಿದ್ದರೂ, ಬೂದಿ ಆರಿದ ಮೇಲೆ ಚೀಲ ಹೆಗಲಿಗೇರಿಸಿ ಹೋಗಿ, ಮೊದಲು ಹೊತ್ತಿದ್ದು ಏನು, ಯಾಕೆ ಹೊತ್ತಿತು ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಅಂಥವರಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು. ಸುಟ್ಟು ಹೋದವು ಮತ್ತು ಇನ್ನೂ ಸುಡದವು! ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವರು ಮಂಟಪದ ಮೇಲಿನ ವೈರಿಂಗ್ ನೋಡುತ್ತಾ ನಿಂತಿದ್ದರು. ಆಲ್ಬಮ್ಮಿನ ಒಂದು ಫೋಟೋದಲ್ಲೂ ಅವರ ಮುಖವಿಲ್ಲ. ಎಲ್ಲದರಲ್ಲೂ ಗಂಟಲು ಮಾತ್ರ ಕಾಣುತ್ತದೆ.

ನಿವೃತ್ತಿಯಾದ ಮೇಲೆ ಕಷ್ಟ ಶುರುವಾಯಿತು. ಅಕ್ಕ ಬೆಳಿಗ್ಗೆ ಆಲ್ಕಾಪುರಿಯ ಬ್ಯಾಂಕಿಗೆ ಹೋದರೆ ಬರುವುದು ಸಂಜೆಗೇ. ಮಂಜಲ್‌ಪುರದ ಮನೆಯಲ್ಲಿ ಭಾವ ಒಬ್ಬರೇ. ಮಧ್ಯಾಹ್ನ ಊರಿಗೆ ಊರೇ ಅಂಗಡಿ ಮುಚ್ಚಿ ಮಲಗಿರುವಾಗ ಇವರು ಹೌಸಿಂಗ್ ಸೊಸೈಟಿಯ ಮನೆಮನೆಯ ಗ್ಯಾಸ್ ಪೈಪು ಮೂಸುತ್ತಾ ತಿರುಗತೊಡಗಿದರು. ಕೊನೆಗೆ ಪಕ್ಕದ ಮನೆಯ ಕಾಕಾ ಅಕ್ಕನಿಗೆ ಕೈ ಮುಗಿದು, ಬೆನ್, ನನ್ನ ತಂಗಿಯಂಥವರು ನೀವು, ಸಾಹೇಬರಿಗೆ ಏನಾದರೂ ಕೆಲಸ ಕೊಡಿ, ನಮಗೆ ಕನಸಿನಲ್ಲೂ ಸಿಲಿಂಡರ್ ಕಾಣುತ್ತಿದೆ ಎಂದು ಬೇಡಿಕೊಂಡರಂತೆ.

ಕೆಲಸ ಕೊಟ್ಟವಳು ಅವರ ಒಬ್ಬಳೇ ಮಗಳು ಪುಟ್ಟಿ. ಸೂರತ್ತಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹುಟ್ಟಿದ್ದು ಬೆಳೆದದ್ದು ವಡೋದರಾದಲ್ಲೇ ಆದ್ದರಿಂದ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿಯೋ ಗುಜರಾತಿಯೋ. ರಜೆಗೆ ಬಂದವಳು ಅಪ್ಪನ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಚೌಕ ಚೌಕ ಇಟ್ಟಿಗೆಗಳಿಂದಾದ ಒಂದು ದೊಡ್ಡ ಲೋಕ. ಅಗೆಯಬಹುದು, ಕಟ್ಟಬಹುದು, ಅಲೆಯಬಹುದು. ಭಾವನ ಕಂಪ್ಯೂಟರ್ ಚಾಲೂ ಇದ್ದರೆ ಪುಟ್ಟಿ ಸೂರತ್ತಿನಿಂದ, ನಾನು ಅಹಮದಾಬಾದಿನಿಂದ ಅದೇ ಲೋಕದೊಳಗೆ ಹೋಗಿ ಮನೆ ಕಟ್ಟಿಕೊಳ್ಳಬಹುದು. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹುಲ್ಲು ಹೊದಿಸಿದ ಮನೆ ಕಟ್ಟಿಕೊಂಡು ಕುರಿ ಸಾಕಿದೆ. ನಗುವವರು ನಗಲಿ!

ಆಟದ ಮಜಾ ಇರುವುದು ಬೇರೆ ಕಡೆ. ಅದನ್ನು ಆಡುವವರೇ ಅದಕ್ಕೆ ಹೊಸ ಹೊಸ ತುಣುಕು ಬರೆದು ಸೇರಿಸಬಹುದು. ಇವಕ್ಕೆ ಮಾಡ್ ಎನ್ನುತ್ತಾರೆ. ಆಟ ಮಾಡಿದ ಕಂಪನಿಯವರು ಕನಸಿನಲ್ಲೂ ಎಣಿಸದ್ದನ್ನು ಯಾವುದೋ ಊರಿನ ಯಾರೋ ಬರೆದು ಎಲ್ಲರಿಗೂ ಕೊಡುತ್ತಾರೆ. ಪುಟ್ಟಿಯ ಗೆಳತಿಯೊಬ್ಬಳು ಉತ್ತರಾಯಣದ ಗಾಳಿಪಟ ಸೇರಿಸಿದಳು, ಆಕಾಶವೆಲ್ಲ ಬಣ್ಣವಾಯಿತು. ಬಾಹ್ಯಾಕಾಶದ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಸುಮ್ಮನಿರಲಾರದೆ ಚಂದ್ರನ ದಾರಿಯನ್ನು ಸರಿಪಡಿಸಿದರು. ಅಂದಿನಿಂದ ತೋಳಗಳು ಯಾವಾಗ ಊಳಿಡಬೇಕೆಂದು ತಿಳಿಯದೆ ಹಗಲು ಹನ್ನೊಂದಕ್ಕೆ ಊಳಿಡತೊಡಗಿದವು.

ಭಾವನಿಗೆ ಕಾಡಿದ ಪ್ರಶ್ನೆಯೇ ಬೇರೆ. ಆ ಆಟದಲ್ಲಿ ಒಂದು ಹಸಿರು ಪ್ರಾಣಿ ಸದ್ದಿಲ್ಲದೆ ಬಂದು ಮನೆ ಸಿಡಿಸಿ ಹೋಗುತ್ತದೆ. ಮನೆ ಹಾರಿ ಹೋಯಿತು ಸರಿ, ಆಮೇಲೆ? ಯಾರೂ ಬಂದು ನೋಡುವುದಿಲ್ಲವೇ? ಒಂದು ಪಂಚನಾಮೆಯೂ ಬೇಡವೇ? ಇದೆಂಥ ಲೋಕ? ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸವನ್ನು ತಾವೇ ಕಲಿತಿದ್ದವರು, ಪುಟ್ಟಿಯನ್ನು ಫೋನಿನಲ್ಲಿ ಪೀಡಿಸಿ ಎರಡು ತಿಂಗಳು ಕೂತು ತಮ್ಮದೇ ಮಾಡ್ ಬರೆದರು. ಏನದು? ಸರ್ವೇಯರ್!

ಬೂದು ಸಫಾರಿ, ಹೆಗಲಿಗೆ ಚೀಲ. ಎಲ್ಲಿ ಏನು ಸಿಡಿದರೂ ಸ್ವಲ್ಪ ಹೊತ್ತಿಗೆ ದಿಗಂತದಿಂದ ನಡೆದು ಬರುತ್ತಿದ್ದ. ಹಾಳಾದ ಮನೆಗೆ ಮೂರು ಸುತ್ತು ಹಾಕುತ್ತಿದ್ದ. ನಿಲ್ಲುತ್ತಿದ್ದ. ಬರೆಯುತ್ತಿದ್ದ. ಪೆನ್ನು ಗೀಚುವ ಆ ಕರಕರ ಸದ್ದನ್ನು ಭಾವ ತಮ್ಮದೇ ಪೆನ್ನಿನಿಂದ ರೆಕಾರ್ಡ್ ಮಾಡಿದ್ದರು. ಬರೆದ ವರದಿಯ ಪುಸ್ತಕ ಅವನ ಚೀಲದಲ್ಲಿರುತ್ತಿತ್ತು, ಬೇಕಾದವರು ತೆಗೆದು ಓದಬಹುದು. ಮಾತಿಲ್ಲ, ಕತೆಯಿಲ್ಲ. ಮುಖವೂ ಇಲ್ಲ! ಮುಖವಿರಬೇಕಾದಲ್ಲಿ ಚರ್ಮದ ಬಣ್ಣದ ಒಂದು ಖಾಲಿ ಚೌಕ. ಯಾಕೆ ಭಾವ ಹೀಗೆ ಎಂದರೆ, "ಸರ್ವೇಯರ್ ಮುಖ ಯಾರಮ್ಮ ನೋಡ್ತಾರೆ? ನನ್ನ ಮುಖ ಯಾರು ನೋಡಿದ್ರು?" ಅಂದರು.

ಮಾಡ್‌ಗಳನ್ನು ಹಂಚುವ ಜಾಲತಾಣದಲ್ಲಿ ಭಾವ ಇದನ್ನು "ಉಪಯುಕ್ತ ಸಲಕರಣೆಗಳು" ಎಂಬ ಪಟ್ಟಿಯಲ್ಲಿ ಹಾಕಿದರು. ವಾರದೊಳಗೆ ಅಲ್ಲಿನವರು ಅದನ್ನು ಎತ್ತಿ "ಭಯಾನಕ" ಪಟ್ಟಿಗೆ ಹಾಕಿದರು. ಯಾವ ದೇಶದವನೋ ಒಬ್ಬ, ನನ್ನ ಜನ್ಮದಲ್ಲಿ ಇಷ್ಟು ಹೆದರಿರಲಿಲ್ಲ, ಬೆನ್ನ ಹಿಂದೆ ಪೆನ್ನಿನ ಸದ್ದು ಕೇಳಿ ಕಂಪ್ಯೂಟರ್ ಆರಿಸಿ ಓಡಿದೆ, ತಾವು ಮಹಾನ್ ಕಲಾವಿದರು ಎಂದು ಬರೆದಿದ್ದ. ಭಾವನಿಗೆ ಅವಮಾನವಾಯಿತು. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅಕ್ಕ ಹೇಳಿದಳು.

ನಿಜ ಹೇಳಬೇಕೆಂದರೆ ಹೆದರಿಕೆ ನನಗೂ ಆಗಿತ್ತು. ಒಂದು ದಿನ ಆಟದಲ್ಲಿ ನಾನು ಕುರಿಗೆ ಹುಲ್ಲು ಹಾಕಿ ತಿರುಗಿದರೆ ಗೇಟಿನಲ್ಲಿ ಸರ್ವೇಯರ್ ನಿಂತಿದ್ದಾನೆ. ನನ್ನ ಮನೆಯಲ್ಲಿ ಏನೂ ಸಿಡಿದಿಲ್ಲ, ಏನೂ ಸುಟ್ಟಿಲ್ಲ. ಆ ಖಾಲಿ ಚೌಕ ನನ್ನ ಮನೆಯ ಹುಲ್ಲಿನ ಮಾಡಿನ ಕಡೆ ಓರೆಯಾಯಿತು. ಕರಕರ ಬರೆದು ಹೊರಟುಹೋದ. ಮರುದಿನ ಗುಡುಗು ಬಂತು, ಸಿಡಿಲು ಬಡಿಯಿತು, ಹುಲ್ಲಿನ ಮಾಡು ಸುಟ್ಟು ಬೂದಿಯಾಯಿತು! ಫೋನ್ ಮಾಡಿ ಜಗಳ ತೆಗೆದರೆ ಭಾವ ಹಿಗ್ಗಿಬಿಟ್ಟರು. ಅನಾಹುತವಾದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋಗಿ ನೋಡುವುದು ಒಳ್ಳೆಯದಲ್ಲವೇ, ಹಾಗಾಗಿ ಹದಿನಾಲ್ಕು ಅಂಶಗಳ ಪಟ್ಟಿಯೊಂದನ್ನು ಅವನಿಗೆ ಕೊಟ್ಟಿದ್ದೇನೆ, ಯಾವ ಮನೆಗೆ ಅಪಾಯ ಹೆಚ್ಚೋ ಅಲ್ಲಿಗೆ ಅವನೇ ಹೋಗಿ ನಿಲ್ಲುತ್ತಾನೆ ಎಂದು ವಿವರಿಸಿದರು. ಹುಲ್ಲಿನ ಮಾಡು ಐದನೆಯ ಅಂಶವಂತೆ. ಅವರ ದನಿಯಲ್ಲಿ ಹೆತ್ತ ತಂದೆಯ ಹೆಮ್ಮೆಯಿತ್ತು.

ಮೇ ತಿಂಗಳಲ್ಲಿ ಯಾವುದೋ ಕೆಲಸಕ್ಕೆ ವಡೋದರಾಕ್ಕೆ ಹೋದವಳು ಮಧ್ಯಾಹ್ನ ಭಾವನ ಮನೆಗೆ ಹೋದೆ. ಹೊರಗೆ ಬಿಸಿಲು ಕಾದು ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಭಾವ ಶರಬತ್ತು ಮಾಡಲು ಅಡುಗೆಮನೆಗೆ ಹೋದರು. ನಾನು ಹಾಲಿನಲ್ಲಿ ಒಬ್ಬಳೇ ಕೂತಿದ್ದೆ. ಅವರ ಕೋಣೆಯಿಂದ ಪೆನ್ನು ಗೀಚುವ ಸದ್ದು ಬಂತು. ಭಾವ ಅಡುಗೆಮನೆಯಲ್ಲಿ ಚಮಚ ಆಡಿಸುತ್ತಿರುವುದು ಕೇಳುತ್ತಿದೆ, ಕೋಣೆಯೊಳಗೆ ಯಾರೋ ಬರೆಯುತ್ತಿರುವುದೂ ಕೇಳುತ್ತಿದೆ! ಎದ್ದು ಹೋಗಿ ನೋಡಿದರೆ ಕಂಪ್ಯೂಟರ್ ತನ್ನಷ್ಟಕ್ಕೆ ಚಾಲೂ ಇತ್ತು. ಪರದೆಯ ಮೇಲೆ ಆಟದಲ್ಲಿ ಪುಟ್ಟಿ ಕಟ್ಟಿಕೊಂಡಿದ್ದ ಮನೆ. ಅದರ ಬಾಗಿಲಿಗೆ ಮುಖ ಮಾಡಿ, ಇಲ್ಲದ ಮುಖವನ್ನೇ ಮಾಡಿ, ಸರ್ವೇಯರ್ ನಿಂತು ಬರೆಯುತ್ತಿದ್ದ.

ಭಾವ ಲೋಟ ಹಿಡಿದು ಬಂದು ನಿಟ್ಟುಸಿರಿಟ್ಟರು. ಇದು ಒಂಬತ್ತನೆಯ ದಿನವಂತೆ. ಪುಟ್ಟಿಯ ಮನೆ ಕಲ್ಲಿನದು, ಪಕ್ಕದಲ್ಲೇ ಹೊಳೆ, ಸುತ್ತ ದೀಪ. ಅಪಾಯಕ್ಕೆ ಒಂದು ಕಾರಣವೂ ಇಲ್ಲ. ಆದರೂ ಇವನು ಅಲ್ಲಿಂದ ಕದಲುತ್ತಿಲ್ಲ. ಬರೆದದ್ದರಲ್ಲಿ ಏನೋ ತಪ್ಪಾಗಿದೆ ಎಂದು ದಿನಾ ತಿದ್ದಿದರು. ಚೀಲವೊಂದನ್ನು ಉಳಿಸಿ, ಅವನನ್ನೇ ಅಳಿಸಿ ಹಾಕಿ ಹೊಸದಾಗಿ ಸೃಷ್ಟಿಸಿದರು. ಹೊಸಬನೂ ದಿಗಂತದಿಂದ ಸೀದಾ ನಡೆದು ಬಂದು ಅಲ್ಲೇ ನಿಂತನಂತೆ.

ನಾನು ಪರದೆಗೆ ಬಾಗಿದೆ. ಕಿಟಕಿಯೊಳಗೆ, ಆಟದಲ್ಲಿ ಪುಟ್ಟಿಯ ಪರವಾಗಿ ಓಡಾಡುವ ಗೊಂಬೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅಲುಗಾಟವಿಲ್ಲ. ಆಟ ಚಾಲೂ ಬಿಟ್ಟು ಕ್ಲಾಸಿಗೆ ಹೋಗಿರುತ್ತಾಳೆ, ದಿನಾ ಹಾಗೇ ಮಾಡುತ್ತಾಳೆ ಎಂದರು ಭಾವ.

"ಅವನು ಬರೀತಿರೋದು ಏನು ಭಾವ? ನೀವು ಓದಿದ್ರಾ?"

"ಏನಿರತ್ತೆ ಅದರಲ್ಲಿ? ನಾನೇ ಹೇಳಿಕೊಟ್ಟಿದ್ದು ತಾನೆ."

ನಾನೇ ಅವನ ಚೀಲದಿಂದ ಪುಸ್ತಕ ತೆಗೆದೆ. ಒಂಬತ್ತು ಪುಟ. ಕಟ್ಟಡ, ಸುಸ್ಥಿತಿ. ಬೆಂಕಿ, ಇಲ್ಲ. ನೀರು, ಸಮೀಪದಲ್ಲಿದೆ. ಹೀಗೆ ಹದಿಮೂರು ಸಾಲು ಸರಿಯಾಗಿವೆ. ಪ್ರತಿ ಪುಟದ ಕೊನೆಯಲ್ಲೂ ಒಂದೇ ಮಾತು: "ಅಂಶ ಹದಿನಾಲ್ಕು. ತಕ್ಷಣ ಹೋಗತಕ್ಕದ್ದು."

ಭಾವ ಲೋಟವನ್ನು ಕೆಳಗಿಟ್ಟರು. ಹದಿನಾಲ್ಕು ಏನು ಎಂದು ನಾನು ಕೇಳಿದೆ. ವರ್ಷಗಳ ಹಿಂದೆ ವಟ್ವಾದ ಒಂದು ಕಾರ್ಖಾನೆಗೆ ಮುಂಚಿತ ತಪಾಸಣೆಗೆ ಹೋಗಿದ್ದರಂತೆ. ವೈರು, ಪೈಪು, ಬೆಂಕಿ ಆರಿಸುವ ಸಿಲಿಂಡರು, ಹದಿಮೂರು ಅಂಶ ನೋಡಿ ಸರಿಯಿದೆ ಎಂದು ಬರೆದರು. ಬಾಯ್ಲರ್ ನೋಡಿಕೊಳ್ಳುವ ಮನುಷ್ಯನೊಬ್ಬ ಸ್ಟೂಲಿನ ಮೇಲೆ ಗೋಡೆ ನೋಡುತ್ತಾ ಕೂತಿದ್ದ. ಇವರು ನಮಸ್ತೆ ಅಂದರೂ ತಿರುಗಲಿಲ್ಲ. ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಎರಡು ವಾರಕ್ಕೆ ಆ ಬಾಯ್ಲರ್ ಸಿಡಿಯಿತು, ಮುಚ್ಚಬೇಕಾದ ವಾಲ್ವನ್ನು ಅವನು ಮುಚ್ಚಿರಲಿಲ್ಲ. ಅವನು ಉಳಿಯಲಿಲ್ಲ. ಬೂದಿಯ ವರದಿ ಬರೆದದ್ದೂ ಭಾವನೇ.

"ಅದಕ್ಕೇ ಇದರಲ್ಲಿ ಸೇರಿಸಿದ್ದೆ," ಅಂದರು. "ಮನೇಲಿ ಮನುಷ್ಯರಿದ್ದಾರೆ, ಏನೂ ಮಾಡ್ತಿಲ್ಲ, ಯಾರ ಜೊತೆನೂ ಮಾತಿಲ್ಲ, ದಿನಾ ಹಾಗೇ ಇದ್ದಾರೆ ಅಂದ್ರೆ ಹೋಗಿ ನೋಡಬೇಕು ಅಂತ. ಅವನು ಸರಿಯಾಗೇ ಹೋಗಿ ನಿಂತಿದಾನೆ. ಒಂಬತ್ತು ದಿನದಿಂದ ನಾನು ಅವನನ್ನ ರಿಪೇರಿ ಮಾಡ್ತಾ ಕೂತಿದೀನಲ್ಲಮ್ಮ."

ಪುಟ್ಟಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದಳು. ಚೆನ್ನಾಗಿದ್ದೀನಿ ಚಿಕ್ಕಮ್ಮ, ಕ್ಲಾಸಿನಲ್ಲಿದ್ದೀನಿ ಎಂದಳು. ಆ ಮಾತು ಬರುತ್ತಿದ್ದ ಹೊತ್ತಿಗೆ ಪರದೆಯ ಮೇಲಿನ ಗೊಂಬೆಯ ತಲೆ ಸ್ವಲ್ಪ ಅಲುಗಿತು. ಅಂದರೆ ಅವಳು ಕಂಪ್ಯೂಟರ್ ಮುಂದೆಯೇ ಕೂತಿದ್ದಳು. ಸರ್ವೇಯರ್ ಬರೆಯುವುದನ್ನು ನಿಲ್ಲಿಸಲಿಲ್ಲ.

ಮುಂದಿನ ರೈಲಿಗೇ ಹೊರಟೆವು. ಅಕ್ಕನಿಗೆ ಫೋನಿನಲ್ಲಿ ಹೇಳಿದೆವು, ಅವಳು ಬ್ಯಾಂಕಿನಿಂದ ನೇರ ಸ್ಟೇಷನ್ನಿಗೆ ಹೋಗಿ ನಮ್ಮ ನಂತರದ ಗಾಡಿಗೆ ಬರುತ್ತೇನೆಂದಳು. ಬೋಗಿಯ ಫ್ಯಾನಿನ ವೈರು ಜೋತಾಡುತ್ತಿತ್ತು, ಭಾವ ಅದನ್ನು ನೋಡಲೂ ಇಲ್ಲ! ಆಗ ನನಗೆ ನಿಜವಾಗಿ ಭಯವಾಯಿತು. ನಾವು ಹೋಗುವುದರೊಳಗೆ ಏನಾದರೂ ಆಗಿಬಿಟ್ಟರೆ ಎಂದು ನನ್ನ ಮನಸ್ಸು ಬೇಡದ್ದನ್ನೆಲ್ಲ ಎಣಿಸುತ್ತಿತ್ತು.

ಪುಟ್ಟಿಯ ಪೀಜಿಯಲ್ಲಿ ಮೂರನೆಯ ಮಹಡಿ. ಸಂಜೆಯಾಗುತ್ತಿದ್ದರೂ ಕೋಣೆಯ ಕಿಟಕಿ ಪರದೆಗಳೆಲ್ಲ ಮುಚ್ಚಿದ್ದವು. ಬಾಗಿಲು ಬಡಿದೆವು. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಬಡಿದ ಮೇಲೆ ಚಿಲಕ ಸರಿಯಿತು. ಎಷ್ಟು ಸೊರಗಿದ್ದಳು ಹುಡುಗಿ! ಅವಳ ಹಿಂದೆ ಮೇಜಿನ ಮೇಲೆ ಅದೇ ಆಟ, ಗೋಡೆಗೆ ಮುಖ ಮಾಡಿದ ಅದೇ ಗೊಂಬೆ, ಅದರ ಬೆನ್ನ ಹಿಂದಿನ ಕಿಟಕಿಯಾಚೆ ಅದೇ ಖಾಲಿ ಚೌಕ. ಜೊತೆಗಿದ್ದ ಹುಡುಗಿ ಕೋಣೆ ಬಿಟ್ಟು ಹೋಗಿ ತಿಂಗಳಾಗಿತ್ತು, ಇವಳು ಕಾಲೇಜಿಗೆ ಹೋಗದೆ ಮೂರು ವಾರವಾಗಿತ್ತು ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ಅವಳು ನನ್ನನ್ನು ನೋಡಲೇ ಇಲ್ಲ. ಅಪ್ಪನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಪ್ಪಾ, ಮೈನೇ ಕುಛ್ ನಹೀ ತೋಡಾ," ಅಂದಳು. ಆಮೇಲೆ, ಅಪ್ಪನಿಗೆ ಅರ್ಥವಾಗಲಿಲ್ಲವೇನೋ ಎಂಬಂತೆ, ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು. "ನಾನು ಏನೂ ಮುರಿದಿಲ್ಲ. ದಿನಾ ಯಾಕೆ ಕಳಿಸ್ತೀರಿ ಅವನನ್ನ?"

ಒಂಬತ್ತು ದಿನದಿಂದ ಆ ಮಗು ಹಾಗೆಂದುಕೊಂಡೇ ಕೂತಿತ್ತು! ಅಪ್ಪ ತನ್ನ ತಪ್ಪು ಹುಡುಕಲು ಆಳು ಕಳಿಸಿದ್ದಾರೆ ಎಂದುಕೊಂಡು, ಮುಖವಿಲ್ಲದ ಅವನಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ನಿಂತಿತ್ತು.

ಭಾವ ಮಗಳ ಮುಖವನ್ನು ನೋಡುತ್ತಾ ನಿಂತರು. ಕಣ್ಣು ತೆಗೆಯದೆ ನೋಡಿದರು.

"ಗೊತ್ತು ಮಗಳೇ," ಅಂದರು. "ಮುರಿದ ಮೇಲೆ ಹೋಗಿ ನೋಡಿದ್ದು ಸಾಕಾಯ್ತು ನನಗೆ. ಅದಕ್ಕೇ ಮೊದಲೇ ಬಂದೆ. ಒಂಬತ್ತು ದಿನ ತಡ ಮಾಡಿದೆ, ಕ್ಷಮಿಸಮ್ಮ."

ಪುಟ್ಟಿಗೆ ಅಷ್ಟೂ ಕನ್ನಡ ಅರ್ಥವಾಯಿತು. ಬಂದು ಅಪ್ಪನ ಎದೆಗೆ ಹಣೆ ಒತ್ತಿ, ಸಣ್ಣವಳಿದ್ದಾಗಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಅವಳ ತಲೆ ಸವರುತ್ತಾ, ಅಳು, ಅಳು, ನಾನು ಇಲ್ಲೇ ಇರುತ್ತೇನೆ ಎನ್ನುತ್ತಿದ್ದರು.